ಬುಲ್ಸ್ ಗಂಟು ಸಣ್ಣದು, ಅಭಿಮಾನಿಗಳ ಸಿಟ್ಟು ದೊಡ್ಡದು!

ದೇವಣಗಾಂವ: ಭೀಮಾ ತೀರದ ಈ ಊರಲ್ಲಿ ಕಬಡ್ಡಿ ಮಾತು ಬಂತೆಂದರೆ ಪವನ್ ಸೆಹ್ರಾವತ್ ಹೆಸರು ಬಾರದೆ ಇರದು. 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಅಂಕ ಬಾಚಿ ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಪ್ ತಂದುಕೊಟ್ಟವ ಆತ. ಅಂಥವನನ್ನು 2022ರಲ್ಲಿ ತಂಡ ಬಿಟ್ಟಿತು. ಹರಾಜಿನಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಒಯ್ದಿತು. ದುಡಿಯೋ ಎತ್ತನ್ನೇ ಸಂತ್ಯಾಗ ಬಿಟ್ಟು ಬಂದ್ರಲ್ಲ, ರೊಕ್ಕಕ್ಕ ಇಷ್ಟ್ಯಾಕ ಜೀವ ಹಿಡೀಬೇಕು ಎಂಬುದು ಅಭಿಮಾನಿಗಳ ತಕರಾರು.

ಆದರೆ ಗಂಟು ಬಿಗಿದದ್ದು ಮಾಲೀಕರಷ್ಟೇ ಅಲ್ಲ. ಆ ವರ್ಷ ಇಡೀ ತಂಡ ಕಟ್ಟಲು ಪ್ರತಿ ತಂಡಕ್ಕೂ ಲೀಗ್ ಹಾಕಿದ ಮಿತಿಯೇ 4.4 ಕೋಟಿ. ಒಬ್ಬನಿಗೇ ಅರ್ಧಕ್ಕಿಂತ ಹೆಚ್ಚು ಸುರಿದರೆ ಉಳಿದವರಿಗೇನು?

ವಿಚಿತ್ರ ನೋಡಿ: ಪವನ್ ಮೊದಲ ಪಂದ್ಯದಲ್ಲೇ ಗಾಯಗೊಂಡು ಸೀಸನ್ ಪೂರ್ತಿ ಹೊರಗುಳಿದ. ಅವನಿಲ್ಲದೆಯೇ ಬುಲ್ಸ್, ತಲೈವಾಸ್ ಎರಡೂ ಸೆಮಿಫೈನಲ್ ಮುಟ್ಟಿದವು!

ಹಾಗಂತ ಅಗ್ಗವೆಲ್ಲ ಲಾಭವೂ ಅಲ್ಲ. 2024ರಲ್ಲಿ ಹೆಸರಾಂತ ಪ್ರದೀಪ್ ನರ್ವಾಲ್ 70 ಲಕ್ಷಕ್ಕೇ ಸಿಕ್ಕ. ಆದರೆ 22 ಪಂದ್ಯಗಳಲ್ಲಿ ಬುಲ್ಸ್ ಗೆದ್ದದ್ದು ಎರಡೇ. ತಂಡ ಕಟ್ಟಕಡೆಗೆ ಬಿತ್ತು.

ರೊಕ್ಕ ಎಷ್ಟರ ಇರಲಿ, ಹಲ್ಲು ನೋಡಿ ಎತ್ತು ಹಿಡದ್ರೇನು? ಬುಲ್ಸ್ ಉತ್ತರಿಸಬೇಕಾದ ಪ್ರಶ್ನೆ ಇದೇ.