ಅಡ್ಡಗಾಳಿಯಲ್ಲಿ ನೆಲ ಮುಟ್ಟುವ ವಿದ್ಯೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿದೆ. ಉದ್ದ 2,300 ಮೀಟರ್, ಅಗಲ 45 ಮೀಟರ್. ಒಂದು ತುದಿಯಲ್ಲಿ 08, ಇನ್ನೊಂದು ತುದಿಯಲ್ಲಿ 26 ಎಂದು ದೊಡ್ಡದಾಗಿ ಬಿಳಿ ಬಣ್ಣದಲ್ಲಿ ಬರೆದಿದೆ. ಪಶ್ಚಿಮಕ್ಕೆ ಮುಖ ಮಾಡಿ ಇಳಿಯುವ ಪೈಲಟ್‌ಗೆ ದಿಕ್ಸೂಚಿ ಸುಮಾರು 260 ಡಿಗ್ರಿ ತೋರಿಸುತ್ತದೆ. ಕೊನೆಯ ಸೊನ್ನೆ ಬಿಟ್ಟರೆ 26. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷ್ ವಾಯುಪಡೆಗಾಗಿ ಹುಟ್ಟಿದ ನೆಲೆಯಿದು. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿನ ಗಾಳಿ ಪಶ್ಚಿಮ-ನೈಋತ್ಯದಿಂದ ಬೀಸುತ್ತದೆ. ವಿಮಾನ ಸಾಧ್ಯವಾದಷ್ಟೂ ಗಾಳಿಗೆ ಎದುರಾಗಿ ಇಳಿಯಬೇಕು. ಆ ಲೆಕ್ಕದಲ್ಲಿ ರನ್‌ವೇಯ ದಿಕ್ಕು ಸರಿಯಾಗಿಯೇ ಇದೆ. ಆದರೆ ರನ್‌ವೇ ಅಲುಗಾಡದೆ ಬಿದ್ದಿರುತ್ತದೆ, ಗಾಳಿ ಹಾಗಿರುವುದಿಲ್ಲ. ಪೈಲಟ್ ಆಗಹೊರಟ ಹುಡುಗ-ಹುಡುಗಿಯರಿಗೆ ಬೆವರಿಳಿಸುವ ಪಾಠ ಶುರುವಾಗುವುದೇ ಇಲ್ಲಿಂದ.

ಬೆಳಗಾವಿ ಜಿಲ್ಲೆಯದೇ ಆದ ಹಾರೂಗೇರಿಯಿಂದ ಸಾಂಬ್ರಾಕ್ಕೆ ನೇರ ಆಕಾಶಮಾರ್ಗ ಎಂಬತ್ತು ಕಿಲೋಮೀಟರ್ ಆಸುಪಾಸು. ಸಣ್ಣ ತರಬೇತಿ ವಿಮಾನಕ್ಕೆ ಅದು ಅರ್ಧ ಗಂಟೆಯ ದಾರಿ. ಹಿಂದೆ ಈ ಭಾಗದ ಹುಡುಗನೊಬ್ಬ ಪೈಲಟ್ ಆಗುತ್ತೇನೆ ಎಂದರೆ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆಯಂಥ ದೂರದ ಶಾಲೆಗಳ ಕಡೆಗೋ ಹೊರದೇಶದ ಕಡೆಗೋ ನೋಡಬೇಕಿತ್ತು. 2021ರಲ್ಲಿ ವಿಮಾನ ನಿಲ್ದಾಣಗಳ ಪ್ರಾಧಿಕಾರವು ದೇಶದ ಐದು ನಿಲ್ದಾಣಗಳಲ್ಲಿ ಒಂಬತ್ತು ತರಬೇತಿ ಶಾಲೆಗಳಿಗೆ ಜಾಗ ಹಂಚಿತು. ಐದರಲ್ಲಿ ಎರಡು ನಮ್ಮವೇ: ಬೆಳಗಾವಿ ಮತ್ತು ಕಲಬುರಗಿ. ಬೆಳಗಾವಿಯ ಪಾಲಿಗೆ ಬಂದ ಎರಡು ಶಾಲೆಗಳು ರೆಡ್‌ಬರ್ಡ್ ಮತ್ತು ಸಂವರ್ಧನೆ ಸಂಸ್ಥೆಗಳಿಗೆ ಸಿಕ್ಕವು. ಹವಾಮಾನದಿಂದ ತರಬೇತಿಗೆ ಅಡಚಣೆ ಕಡಿಮೆ ಇರುವ, ವಿಮಾನಗಳ ದಟ್ಟಣೆ ಕಡಿಮೆ ಇರುವ ಊರುಗಳನ್ನು ನೋಡಿ ಆರಿಸಿದ್ದೇವೆ ಎಂದು ಆಗ ಸರ್ಕಾರ ಹೇಳಿತ್ತು. ಹಾರಾಟದ ಗಂಟೆಗಳು ಬೇಗ ತುಂಬಬೇಕಾದರೆ ಅದು ಒಳ್ಳೆಯ ಆಯ್ಕೆ. ಆದರೆ ಗಾಳಿಯೇ ಇಲ್ಲದ ಮುಂಜಾವಿನಲ್ಲಿ ಮಾತ್ರ ಹಾರಿ ಗಂಟೆ ತುಂಬಿಸಿಕೊಂಡವನು ಪೂರ್ಣ ಪೈಲಟ್ ಅಲ್ಲ. ಈ ಲೇಖನದ ಕಾಳಜಿ ಅದೇ.

ಆಷಾಢದ ಒಂದು ಮಧ್ಯಾಹ್ನ ಕಂಟ್ರೋಲ್ ಟವರ್‌ನಿಂದ 'ಗಾಳಿ 240 ಡಿಗ್ರಿ, 20 ನಾಟ್' ಎಂಬ ಮಾತು ಕೇಳಿಬಂತು ಎಂದುಕೊಳ್ಳಿ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್, 20 ನಾಟ್ ಎಂದರೆ 37 ಕಿಲೋಮೀಟರ್. ಎಳೆ ಕಬ್ಬನ್ನು ಬಾಗಿಸುವಷ್ಟು ಜೋರಿನ ಗಾಳಿ. ರನ್‌ವೇಗೂ ಗಾಳಿಗೂ ನಡುವೆ ಇರುವ ಕೋನ 20 ಡಿಗ್ರಿ. ಪಿಯುಸಿಯಲ್ಲಿ ಓದಿದ ಸೈನ್ ಕೋಷ್ಟಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಗಾಳಿಯ ವೇಗವನ್ನು ಕೋನದ ಸೈನ್‌ನಿಂದ ಗುಣಿಸಿದರೆ ಪಕ್ಕದಿಂದ ತಳ್ಳುವ ಪಾಲು, ಅಂದರೆ ಅಡ್ಡಗಾಳಿ, ಸುಮಾರು 7 ನಾಟ್. ಎದುರಿನಿಂದ ಬರುವ ಪಾಲು ಇದಕ್ಕಿಂತ ಬಹಳ ಹೆಚ್ಚು, ಅದು ಇಳಿಯುವವನಿಗೆ ಅನುಕೂಲ. ಈಗ ಅದೇ 20 ನಾಟ್ ಗಾಳಿ ದಕ್ಷಿಣದ ಕಡೆ ವಾಲಿ 210 ಡಿಗ್ರಿಯಿಂದ ಬೀಸಿದರೆ ಕೋನ 50 ಡಿಗ್ರಿ, ಅಡ್ಡಗಾಳಿ 15 ನಾಟ್. ಗಾಳಿಯ ಜೋರು ಕಿಂಚಿತ್ತೂ ಹೆಚ್ಚಿಲ್ಲ, ದಿಕ್ಕು ಮಾತ್ರ ಸರಿದಿದೆ. ಪೈಲಟ್‌ನ ಕೆಲಸ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಕಾಕ್‌ಪಿಟ್‌ನಲ್ಲಿ ಕೂತು ಸೈನ್ ಹುಡುಕಲು ಪುರುಸೊತ್ತು ಇರುವುದಿಲ್ಲವಾದ್ದರಿಂದ ಕಲಿಯುವವರು ಗಡಿಯಾರದ ಲೆಕ್ಕ ಬಳಸುತ್ತಾರೆ. ಕೋನ 15 ಡಿಗ್ರಿ ಇದ್ದರೆ ಗಾಳಿಯ ಕಾಲು ಭಾಗ, 30 ಇದ್ದರೆ ಅರ್ಧ, 45 ಇದ್ದರೆ ಮುಕ್ಕಾಲು, 60 ದಾಟಿದರೆ ಪೂರ್ತಿ ಎಂದು ಹಿಡಿದರೆ ಸಾಕು.

ಇಳಿಯಲು ಬರುವಾಗ ವಿಮಾನದ ಮೂತಿಯನ್ನು ರನ್‌ವೇಗೆ ನೇರವಾಗಿ ಇಟ್ಟರೆ ಗಾಳಿ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಹಾಗಾಗಿ ಮೂತಿಯನ್ನು ಗಾಳಿ ಬರುವ ಕಡೆಗೆ ತುಸು ತಿರುಗಿಸಿ ಇಡಬೇಕು. ಕೃಷ್ಣೆಯನ್ನು ದೋಣಿಯಲ್ಲಿ ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದುರು ದಂಡೆಯ ಘಾಟಿಗೆ ಮುಟ್ಟಬೇಕಾದ ಅಂಬಿಗ ದೋಣಿಯ ಮೂತಿಯನ್ನು ಘಾಟಿನತ್ತ ಇಡುವುದಿಲ್ಲ, ಹರಿವಿಗೆ ಎದುರಾಗಿ ಮೇಲಕ್ಕೆ ಇಡುತ್ತಾನೆ. ದೋಣಿ ಓರೆಯಾಗಿಯೇ ಸಾಗಿ ನೇರ ಘಾಟಿಗೆ ಬರುತ್ತದೆ. 65 ನಾಟ್ ವೇಗದಲ್ಲಿ ಇಳಿಯುವ ಸೆಸ್ನಾ 172 ಎಂಬ ಸಣ್ಣ ವಿಮಾನಕ್ಕೆ 7 ನಾಟ್ ಅಡ್ಡಗಾಳಿಯಲ್ಲಿ ಈ ಓರೆ ಸುಮಾರು 6 ಡಿಗ್ರಿ, 15 ನಾಟ್‌ನಲ್ಲಿ 13 ಡಿಗ್ರಿ. ರನ್‌ವೇ ಮೂತಿಯ ನೇರಕ್ಕೆ ಕಾಣದೆ ಒಂದು ಮಗ್ಗುಲಿಗೆ ಕಾಣುತ್ತದೆ. ಮೊದಲ ಸಲ ಇದನ್ನು ಕಂಡ ವಿದ್ಯಾರ್ಥಿಯ ಕಣ್ಣು ನಂಬುವುದಿಲ್ಲ. ಕೈ ತಾನಾಗಿ ಮೂತಿಯನ್ನು ನೇರ ಮಾಡಲು ಹೋಗುತ್ತದೆ. ಮುಂದಿನ ಕ್ಷಣವೇ ರನ್‌ವೇಯ ನಡುಗೆರೆ ಜಾರುತ್ತದೆ.

ದೋಣಿಗೆ ದಂಡೆ ಮುಟ್ಟುವಾಗ ಓರೆಯಾಗಿದ್ದರೂ ನಡೆದೀತು. ವಿಮಾನಕ್ಕೆ ನಡೆಯದು. ಅದಕ್ಕೆ ಚಕ್ರಗಳಿವೆ, ಅವು ಮುಂದಕ್ಕೆ ಮಾತ್ರ ಉರುಳುತ್ತವೆ. ಓರೆಯಾಗಿಯೇ ನೆಲ ಮುಟ್ಟಿದರೆ ಟೈರು ಪಕ್ಕಕ್ಕೆ ಉಜ್ಜಿ, ಚಕ್ರದ ಕಾಲುಗಳ ಮೇಲೆ ಅಡ್ಡ ಹೊರೆ ಬೀಳುತ್ತದೆ. ಅಮೆರಿಕದ ಬಿ-52 ಬಾಂಬರ್ ವಿಮಾನಕ್ಕೆ ಚಕ್ರಗಳನ್ನೇ 20 ಡಿಗ್ರಿವರೆಗೆ ತಿರುಗಿಸಿಕೊಳ್ಳುವ ಸೌಲಭ್ಯ ಕೊಟ್ಟಿದ್ದಾರೆ. ಅದು ಆಕಾಶದಲ್ಲಿ ಓರೆ, ನೆಲದಲ್ಲೂ ಓರೆ, ಆದರೆ ಚಕ್ರ ಮಾತ್ರ ನೇರ. ತರಬೇತಿ ವಿಮಾನಕ್ಕೆ ಆ ಭಾಗ್ಯವಿಲ್ಲ. ಅದನ್ನು ನೇರ ಮಾಡಬೇಕಾದವನು ಪೈಲಟ್, ಅದೂ ನೆಲದಿಂದ ಕೆಲವೇ ಅಡಿ ಎತ್ತರದಲ್ಲಿ.

ಈ ಕೊನೆಯ ಕೆಲವು ಸೆಕೆಂಡುಗಳಲ್ಲಿ ಕೈ-ಕಾಲು ಎದುರುಬದುರು ಕೆಲಸ ಮಾಡುತ್ತವೆ. ಗಾಳಿ ಎಡದಿಂದ ಎಂದಿಟ್ಟುಕೊಳ್ಳಿ. ಬಲಗಾಲು ರಡ್ಡರ್‌ನ, ಅಂದರೆ ಬಾಲದ ಚುಕ್ಕಾಣಿಯ, ಬಲ ಪೆಡಲ್ ಒತ್ತುತ್ತದೆ. ಮೂತಿ ನಡುಗೆರೆಗೆ ನೇರವಾಗುತ್ತದೆ. ಅದೇ ಹೊತ್ತಿಗೆ ಕೈ ಕಂಟ್ರೋಲನ್ನು ಎಡಕ್ಕೆ ವಾಲಿಸುತ್ತದೆ. ಎಡ ರೆಕ್ಕೆ ಗಾಳಿಯ ಕಡೆಗೆ ತಗ್ಗುತ್ತದೆ, ಪಕ್ಕಕ್ಕೆ ಜಾರುವುದು ನಿಲ್ಲುತ್ತದೆ. ಕಾಲು ನೋಡಿಕೊಳ್ಳುವುದು ಮೂತಿಯನ್ನು, ಕೈ ನೋಡಿಕೊಳ್ಳುವುದು ಜಾರುವಿಕೆಯನ್ನು. ಇವೆರಡೂ ಬೇರೆ ಬೇರೆ ಕೆಲಸ ಎಂಬುದು ಮೈಗೆ ಅರ್ಥವಾದ ದಿನ ಪಾಠ ಅರ್ಧ ಮುಗಿದಂತೆ. ರೆಕ್ಕೆ ತಗ್ಗಿಸಿದ್ದರಿಂದ ಎಡ ಚಕ್ರ ಮೊದಲು ಮುಟ್ಟಬೇಕು, ಆಮೇಲೆ ಬಲ ಚಕ್ರ, ಕೊನೆಗೆ ಮುಂದಿನ ಚಕ್ರ. ಒಂದೇ ಚಕ್ರದ ಮೇಲೆ ಇಳಿಯುವುದು ನೋಡುವವರಿಗೆ ಎಡವಟ್ಟಿನಂತೆ ಕಾಣುತ್ತದೆ, ಆದರೆ ಸರಿಯಾದ ಇಳಿಯುವಿಕೆ ಅದೇ.

ಕೆಲವರು ರೆಕ್ಕೆ ತಗ್ಗಿಸಿ ದೂರದಿಂದಲೇ ಹಾಗೆ ಬರುತ್ತಾರೆ. ಕೆಲವರು ಕಡೆಗಳಿಗೆಯವರೆಗೂ ಓರೆಯಾಗಿ ಬಂದು ಆಮೇಲೆ ನೇರ ಮಾಡುತ್ತಾರೆ. ಯಾವುದು ಮೇಲು ಎಂಬ ವಾದ ಹಾರಾಟ ಶಾಲೆಗಳಲ್ಲಿ ಮುಗಿದದ್ದೇ ಇಲ್ಲ. ಹೊಸಬರಿಗೆ ಮೊದಲ ದಾರಿ ಒಳ್ಳೆಯದು ಎಂದು ನನ್ನ ಅನಿಸಿಕೆ. ಗಾಳಿ ತನ್ನ ಕೈಮೀರಿದೆಯೋ ಇಲ್ಲವೋ ಎಂಬುದು ಎತ್ತರದಲ್ಲಿರುವಾಗಲೇ ಗೊತ್ತಾಗುತ್ತದೆ. ರಡ್ಡರ್ ಪೂರ್ತಿ ಒತ್ತಿದ ಮೇಲೂ ಮೂತಿ ನೇರವಾಗದಿದ್ದರೆ ಆ ವಿಮಾನಕ್ಕೆ ಆ ಗಾಳಿ ಹೆಚ್ಚು, ಅಷ್ಟೇ. ಅದನ್ನು ನೂರಾರು ಅಡಿ ಮೇಲೆ ತಿಳಿಯುವುದಕ್ಕೂ ನೆಲದಿಂದ ಐದು ಅಡಿ ಮೇಲೆ ತಿಳಿಯುವುದಕ್ಕೂ ಬಹಳ ಅಂತರವಿದೆ.

ಚಕ್ರ ನೆಲಕ್ಕೆ ತಾಗಿತು, ಉಸಿರು ಬಿಟ್ಟೆವು ಎಂದುಕೊಳ್ಳುವ ಹೊತ್ತಿಗೆ ಇನ್ನೊಂದು ಪರೀಕ್ಷೆ. ವಿಮಾನದ ಬಾಲದ ನಿಲುರೆಕ್ಕೆಯನ್ನು ಗಾಳಿ ಹಿಡಿದು ತಳ್ಳುತ್ತದೆ, ಮೂತಿ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ. ವೇಗ ಇಳಿದಂತೆ ಕಂಟ್ರೋಲ್‌ಗಳ ಬಲವೂ ಇಳಿಯುತ್ತದೆ. ಆದ್ದರಿಂದ ಇಳಿದ ಮೇಲೆ ಕಂಟ್ರೋಲನ್ನು ಗಾಳಿಯ ಕಡೆಗೆ ಇನ್ನಷ್ಟು ವಾಲಿಸಬೇಕು, ಸಡಿಲ ಬಿಡಬಾರದು. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಬಾಲದಲ್ಲಿ ಸಣ್ಣ ಚಕ್ರವಿದ್ದ ಹಳೆಯ ವಿಮಾನಗಳಲ್ಲಿ ಇದು ಇನ್ನೂ ಕಠಿಣ. ಒಂದು ಕ್ಷಣ ಮೈಮರೆತರೆ ವಿಮಾನ ರನ್‌ವೇ ಮೇಲೆಯೇ ಗಿರ್ರನೆ ತಿರುಗುತ್ತಿತ್ತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಅಂಥ ವಿಮಾನ. ಅದನ್ನು ವಿನ್ಯಾಸ ಮಾಡಿದ ಡಾ. ವಿ.ಎಂ. ಘಾಟಗೆ ಅವರು ಜರ್ಮನಿಯ ಗಾಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಕೈಕೆಳಗೆ ಗಾಳಿಯ ಶಾಸ್ತ್ರ ಕಲಿತು ಬಂದವರು. ನಮ್ಮ ವಾಯುಪಡೆಯ ಒಂದು ಇಡೀ ಪೀಳಿಗೆ ಆ ವಿಮಾನದಲ್ಲಿ ಹಾರಲು ಕಲಿತಿತು. ಅವರ ಕಾಲುಗಳಿಗೆ ರಡ್ಡರ್ ಪಾಠ ಪುಸ್ತಕದಿಂದ ಬಂದದ್ದಲ್ಲ.

ಇನ್ನು ಕೈಪಿಡಿಯ ಅಂಕಿಯ ವಿಚಾರ. ಸೆಸ್ನಾ 172ರ ಕೈಪಿಡಿಯಲ್ಲಿ ಅಡ್ಡಗಾಳಿಗೆ 15 ನಾಟ್ ಎಂದಿದೆ. ಬಹಳ ವಿದ್ಯಾರ್ಥಿಗಳು ಇದನ್ನು ವಿಮಾನದ ಗರಿಷ್ಠ ಮಿತಿ ಎಂದು ಉರುಹೊಡೆಯುತ್ತಾರೆ. ನಿಜವಾಗಿ ಅದು, ಪ್ರಮಾಣಪತ್ರಕ್ಕಾಗಿ ನಡೆದ ಪರೀಕ್ಷೆಯಲ್ಲಿ ಕಂಪನಿಯ ಪೈಲಟ್ ಇಳಿಸಿ ತೋರಿಸಿದ ಗಾಳಿ. ಅಲ್ಲಿ ಕೂತವನು ಪಳಗಿದ ಪೈಲಟ್, ಮೂವತ್ತು ಗಂಟೆ ಹಾರಿದ ವಿದ್ಯಾರ್ಥಿಯಲ್ಲ. ಈ ಗೊಂದಲ ದೊಡ್ಡ ವಿಮಾನಗಳ ಪೈಲಟ್‌ಗಳನ್ನೂ ಬಿಟ್ಟಿಲ್ಲ. 2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಲುಫ್ತಾನ್ಸಾದ ಏರ್‌ಬಸ್ 320 ಬಿರುಗಾಳಿಯಲ್ಲಿ ಇಳಿಯುವಾಗ ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ತಕ್ಷಣ ವಿಮಾನವನ್ನು ಮೇಲೆತ್ತಿದರು, ಸುತ್ತಿ ಬಂದು ಗಾಳಿಗೆ ಹೆಚ್ಚು ಎದುರಾದ ಇನ್ನೊಂದು ರನ್‌ವೇಯಲ್ಲಿ ಇಳಿಸಿದರು. ಯಾರಿಗೂ ಗಾಯವಾಗಲಿಲ್ಲ. ಆ ವಿಮಾನದ ಕೈಪಿಡಿಯಲ್ಲಿದ್ದ ಅಡ್ಡಗಾಳಿಯ ಅಂಕಿ ಮಿತಿಯೋ ಬರೀ ಮಾಹಿತಿಯೋ ಎಂಬುದನ್ನು ಪೈಲಟ್‌ಗಳು ಬೇರೆ ಬೇರೆಯಾಗಿ ತಿಳಿದುಕೊಂಡಿದ್ದರು ಎಂದು ತನಿಖೆ ಎತ್ತಿ ತೋರಿಸಿತು.

ಹ್ಯಾಂಬರ್ಗ್‌ನ ಆ ಪೈಲಟ್‌ಗಳನ್ನೂ ಪ್ರಯಾಣಿಕರನ್ನೂ ಉಳಿಸಿದ್ದು 'ಗೋ ಅರೌಂಡ್'. ಇಳಿಯುವುದನ್ನು ಕೈಬಿಟ್ಟು, ಎಂಜಿನ್‌ಗೆ ಪೂರ್ತಿ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು. ಇದರ ಇನ್ನೊಂದು ಮುಖ ನಮ್ಮ ನೆರೆಯ ಕೇರಳದ ಕೋಯಿಕ್ಕೋಡ್‌ನಲ್ಲಿ ಕಂಡಿತು. 2020ರ ಆಗಸ್ಟ್ 7ರ ರಾತ್ರಿ, ಮಳೆಯಲ್ಲಿ, ಬೆನ್ನಹಿಂದಿನ ಗಾಳಿಯಲ್ಲಿ ಇಳಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಮರಿಗೆ ಉರುಳಿ 21 ಜನ ಸತ್ತರು. ಪಕ್ಕದ ಪೈಲಟ್ 'ಗೋ ಅರೌಂಡ್' ಎಂದು ಹೇಳಿದ ಮೇಲೂ ಇಳಿಯುವುದನ್ನು ಮುಂದುವರಿಸಲಾಯಿತು ಎಂದು ತನಿಖಾ ವರದಿ ದಾಖಲಿಸಿದೆ. ಅಲ್ಲಿ ಅಡ್ಡಗಾಳಿಯ ಪ್ರಶ್ನೆ ಇರಲಿಲ್ಲ ನಿಜ. ಆದರೆ ಸರಿಯಿಲ್ಲದ ಇಳಿಯುವಿಕೆಯನ್ನು ಬಿಟ್ಟು ಏಳುವ ಅಭ್ಯಾಸ ಬೀಳುವುದು ತರಬೇತಿಯ ದಿನಗಳಲ್ಲೇ, ಸಣ್ಣ ವಿಮಾನದಲ್ಲೇ, ಅಡ್ಡಗಾಳಿಯ ಮಧ್ಯಾಹ್ನಗಳಲ್ಲೇ.

ಆ ಅಭ್ಯಾಸಕ್ಕೆ ಅಡ್ಡ ಬರುವುದು ದುಡ್ಡು. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಿರಬೇಕು. ಒಟ್ಟು ಖರ್ಚು ನಲವತ್ತು ಲಕ್ಷ ರೂಪಾಯಿ ದಾಟುತ್ತದೆ. ಹಾರೂಗೇರಿ, ಕುಡಚಿ, ಅಥಣಿ, ರಾಯಬಾಗದ ಕಡೆಯ ಮನೆಗಳಲ್ಲಿ ಅಷ್ಟು ಹಣ ಎಂದರೆ ಹಲವು ಸಲ ನೀರಾವರಿ ಹೊಲದ ಒಂದು ತುಂಡು, ಇಲ್ಲವೇ ಬ್ಯಾಂಕಿನಲ್ಲಿ ಅಪ್ಪನ ಸಹಿ. ವಿಮಾನ ಗಾಳಿಯಲ್ಲಿದ್ದ ಪ್ರತಿ ನಿಮಿಷಕ್ಕೂ ಬೆಲೆ ಇರುವಾಗ ಒಂದು ಸಲ ಇಳಿಯದೆ ಮೇಲೆದ್ದರೆ ಇನ್ನೊಂದು ಸುತ್ತಿನ ದುಡ್ಡು ಹೋಯಿತು ಎಂದು ಹುಡುಗನ ತಲೆಯಲ್ಲಿ ಕೂತಿರುತ್ತದೆ. 'ಇನ್ನೂ ಸೋಲೋ ಬಿಟ್ಟಿಲ್ಲೇನೋ?' ಎಂದು ಮನೆಯಿಂದ ಫೋನ್ ಬರುತ್ತದೆ. ಜೊತೆಯವನು ಮೊನ್ನೆಯೇ ಒಬ್ಬನೇ ಹಾರಿ ಬಂದು ಫೋಟೊ ಹಾಕಿದ್ದಾನೆ. ಈ ಒತ್ತಡದಲ್ಲಿ ಓರೆಯಾದ ವಿಮಾನವನ್ನು ಹೇಗೋ ನೆಲಕ್ಕೆ ಕುಕ್ಕಿ ಮುಗಿಸೋಣ ಎನಿಸುವುದು ಸಹಜ. ಅಪ್ಪ-ಅಮ್ಮಂದಿರು ತಿಳಿಯಬೇಕಾದದ್ದು ಇಷ್ಟು: ಮತ್ತೆ ಮೇಲೆದ್ದ ಆ ಸುತ್ತಿಗೆ ಕೊಟ್ಟ ದುಡ್ಡೇ ಇಡೀ ತರಬೇತಿಯಲ್ಲಿ ಅತ್ಯಂತ ಸಾರ್ಥಕವಾದ ದುಡ್ಡು. ಮಗಳು ಫೋನಿನಲ್ಲಿ 'ಇವತ್ತು ಗಾಳಿ ಜಾಸ್ತಿ ಇತ್ತು, ಇಳಿಸಲಿಲ್ಲ, ಸುತ್ತಿ ಬಂದೆ' ಎಂದರೆ ಶಹಬ್ಬಾಸ್ ಎನ್ನಿ.

ಲಾಗ್‌ಬುಕ್ಕಿನ 200 ಎಂಬ ಮೊತ್ತ ಗಾಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಬೆಳಗಿನ ತಂಪಿನಲ್ಲಿ ಅಲುಗಾಡದ ಆಕಾಶದಲ್ಲಿ ಕಳೆದ ಗಂಟೆಯೂ ಒಂದು ಗಂಟೆ, ಆಷಾಢದ ಮಧ್ಯಾಹ್ನ ಬೋಧಕರ ಪಕ್ಕದಲ್ಲಿ ಕೂತು ಹಾರಿ ಇಳಿಯುವ ಸುತ್ತನ್ನು ಮೇಲಿಂದ ಮೇಲೆ ಹಾಕಿದ ಗಂಟೆಯೂ ಒಂದು ಗಂಟೆ. ಮುಂದೆ ವಿಮಾನ ಕಂಪನಿ ಸೇರಿ ನೂರೆಂಬತ್ತು ಜನರನ್ನು ಹಿಂದೆ ಕೂರಿಸಿಕೊಂಡಾಗ ಆಸರೆಯಾಗುವುದು ಎರಡನೆಯದು.

ಆದ್ದರಿಂದ ಈ ಭಾಗದ ಪಾಲಕರಲ್ಲಿ ಒಂದು ಕೋರಿಕೆ. ಸಾಂಬ್ರಾವೇ ಇರಲಿ, ಕಲಬುರಗಿಯೇ ಇರಲಿ, ದೂರದ ಇನ್ನಾವುದೋ ಊರೇ ಇರಲಿ, ಶುಲ್ಕ ಕಟ್ಟುವ ಮೊದಲು ಹಾಸ್ಟೆಲ್ ಮತ್ತು ಊಟದ ಜೊತೆಗೆ ಗಾಳಿಯ ಬಗ್ಗೆಯೂ ಕೇಳಿ. ಒಬ್ಬರೇ ಹಾರುವ ವಿದ್ಯಾರ್ಥಿಗೆ ನೀವು ಇಟ್ಟಿರುವ ಅಡ್ಡಗಾಳಿಯ ಮಿತಿ ಎಷ್ಟು? ಅದಕ್ಕಿಂತ ಹೆಚ್ಚು ಗಾಳಿ ಇದ್ದ ದಿನ ಬೋಧಕರು ಜೊತೆಯಲ್ಲಿ ಕರೆದೊಯ್ದು ಕಲಿಸುತ್ತಾರೆಯೇ, ಇಲ್ಲ ವಿಮಾನ ಹ್ಯಾಂಗರ್‌ನಲ್ಲೇ ಉಳಿಯುತ್ತದೆಯೇ? ಇಳಿಯದೆ ಸುತ್ತಿ ಬಂದವನನ್ನು ಬೈಯುತ್ತೀರೋ ಮೆಚ್ಚುತ್ತೀರೋ? ಸಾಧ್ಯವಾದರೆ ಮಧ್ಯಾಹ್ನ ಮೂರರ ಹೊತ್ತಿಗೆ, ಗಾಳಿ ಎದ್ದಾಗ, ಹೋಗಿ ನೋಡಿ. ಈ ಪ್ರಶ್ನೆಗಳಿಗೆ ತಡವರಿಸುವ ಶಾಲೆಗೆ ಹೊಲ ಮಾರಿದ ದುಡ್ಡು ಕಟ್ಟಬೇಡಿ.