ಚಿನ್ನದ ನಗರ ಹುಡುಕಿ ಮಣ್ಣಿನ ಗೋಡೆ ಕಂಡವ

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಟಿಂಬಕ್ಟು ಚಿನ್ನದಿಂದ ತುಂಬಿ ತುಳುಕುವ ನಗರವೆಂದು ಯೂರೋಪಿನವರು ಶತಮಾನಗಳ ಕಾಲ ನಂಬಿದ್ದರು. ಅಲ್ಲಿಗೆ ಹೋಗಿ, ಜೀವಸಹಿತ ಮರಳಿ, ವಿವರ ನೀಡುವ ಮೊದಲಿಗನಿಗೆ ಪ್ಯಾರಿಸ್ಸಿನ ಭೂಗೋಳ ಸಂಘ ಬಹುಮಾನ ಸಾರಿತು. ಅದನ್ನು ಗೆದ್ದಾತ ಸೇನಾನಿಯಲ್ಲ, ಪಂಡಿತನೂ ಅಲ್ಲ. ಬ್ರೆಡ್ ಮಾಡಿ ಮಾರುವವನ ಮಗ ರೆನೆ ಕಾಯೆ!

1799ರಲ್ಲಿ ಪಶ್ಚಿಮ ಫ್ರಾನ್ಸಿನಲ್ಲಿ ಹುಟ್ಟಿದ ಕಾಯೆಗೆ ಬಾಲ್ಯದಲ್ಲೇ ತಂದೆತಾಯಿ ಇಲ್ಲವಾದರು. ತಂದೆ ಸತ್ತದ್ದು ಸೆರೆಮನೆಯಲ್ಲಿ. 'ರಾಬಿನ್ಸನ್ ಕ್ರೂಸೊ' ಓದಿದ ಹುಡುಗನಿಗೆ ದೇಶ ಸುತ್ತುವ ಹುಚ್ಚು. 16ರ ವಯಸ್ಸಿಗೆ, 60 ಫ್ರಾಂಕ್ ಕಿಸೆಯಲ್ಲಿಟ್ಟುಕೊಂಡು ಸೆನೆಗಲ್‌ಗೆ ಹಡಗು ಹತ್ತಿದ.

ಹುಚ್ಚಿನ ಜತೆ ಸಿದ್ಧತೆಯೂ ಇತ್ತು. 1824ರಲ್ಲಿ ಮೂರ್ ಜನಾಂಗದವರ ನಡುವೆ ನೆಲೆಸಿ ಅರಬ್ಬಿ ಭಾಷೆ, ಇಸ್ಲಾಮಿನ ಆಚರಣೆ ಕಲಿತ. ಅಧಿಕಾರಿಗಳು ಹಣ ಕೊಡಲಿಲ್ಲ. ಸಿಯೆರಾ ಲಿಯೋನಿನ ನೀಲಿ ಬಣ್ಣದ ಕಾರ್ಖಾನೆಯಲ್ಲಿ ದುಡಿದು ತಾನೇ 2,000 ಫ್ರಾಂಕ್ ಕೂಡಿಟ್ಟ.

1827ರ ಏಪ್ರಿಲ್‌ನಲ್ಲಿ ಅರಬನ ವೇಷದಲ್ಲಿ ವ್ಯಾಪಾರಿಗಳ ತಂಡ ಸೇರಿ ಹೊರಟ. ಎಳವೆಯಲ್ಲೇ ನೆಪೋಲಿಯನ್ನನ ಸೈನಿಕರು ತನ್ನನ್ನು ಈಜಿಪ್ಟಿನಿಂದ ಹಿಡಿದೊಯ್ದರು, ಈಗ ತವರಿಗೆ ಮರಳುತ್ತಿದ್ದೇನೆ ಎಂದು ಕತೆ ಕಟ್ಟಿದ. ದಾರಿಯಲ್ಲಿ ಕಾಲಿಗೆ ಹುಣ್ಣು, ಮೇಲೆ ಸ್ಕರ್ವಿ ರೋಗ. ತಿಂಗಳುಗಟ್ಟಲೆ ಮಲಗಿದವನನ್ನು ಉಳಿಸಿದ್ದು ಹಳ್ಳಿಯ ಒಬ್ಬ ಮುದುಕಿಯ ಆರೈಕೆ.

1828ರ ಏಪ್ರಿಲ್ 20ರಂದು ಟಿಂಬಕ್ಟು ಕಣ್ಣಿಗೆ ಬಿತ್ತು. ಎಲ್ಲಿ ನೋಡಿದರೂ ಮಣ್ಣಿನ ಮನೆಗಳು, ಸುತ್ತ ಬರೀ ಮರಳು. ಎರಡು ವಾರ ಅಲ್ಲಿದ್ದು, ಕುರಾನ್ ಓದುವ ನೆಪದಲ್ಲಿ ಗುಟ್ಟಾಗಿ ಟಿಪ್ಪಣಿ ಬರೆದ. ಸಿಕ್ಕಿಬಿದ್ದರೆ ಪ್ರಾಣವೇ ಹೋಗುತ್ತಿತ್ತು. 1826ರಲ್ಲಿ ಅಲ್ಲಿ ತಲುಪಿದ್ದ ಸ್ಕಾಟ್ಲೆಂಡಿನ ಮೇಜರ್ ಲೈಂಗ್ ಮರಳುವ ದಾರಿಯಲ್ಲಿ ಕೊಲೆಯಾಗಿದ್ದ. ಕಾಯೆ ಒಂಟೆಗಳ ಸಾಲಿನೊಂದಿಗೆ ಸಹಾರಾ ದಾಟಿ, ಸೆಪ್ಟೆಂಬರಿನಲ್ಲಿ ಮೊರಾಕೊದ ಟ್ಯಾಂಜಿಯರ್ ಸೇರಿದ.

10,000 ಫ್ರಾಂಕ್ ಬಹುಮಾನ ಬಂತು. ಪ್ರವಾಸ ಕಥನ 1830ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಚಿನ್ನದ ಕತೆ ಹೆಣೆದಿದ್ದರೆ ಜನ ಕುಣಿದಾಡುತ್ತಿದ್ದರು. ಕಾಯೆ ಕಂಡದ್ದನ್ನಷ್ಟೇ ಬರೆದ. ಆತ ಅಲ್ಲಿಗೆ ಹೋಗಿಯೇ ಇಲ್ಲವೆಂದು ಇಂಗ್ಲೆಂಡಿನಲ್ಲಿ ಕೆಲವರು ಹಂಗಿಸಿದರು. 1853ರಲ್ಲಿ ಜರ್ಮನಿಯ ಹೈನ್ರಿಚ್ ಬಾರ್ತ್ ಅಲ್ಲಿಗೆ ಹೋಗಿ ಬಂದು, ಕಾಯೆ ಬರೆದದ್ದು ನಿಜವೆಂದ. ಕೇಳಲು ಕಾಯೆ ಇರಲಿಲ್ಲ. 1838ರಲ್ಲೇ, 38ರ ವಯಸ್ಸಿಗೆ ತೀರಿಕೊಂಡಿದ್ದ.

1894ರಲ್ಲಿ ಫ್ರೆಂಚ್ ಸೇನೆ ಟಿಂಬಕ್ಟುವನ್ನು ಹಿಡಿಯಿತು. ಆ ಮಣ್ಣಿನ ಮನೆಗಳು ಪೀಳಿಗೆಗಳಿಂದ ಕಾಪಾಡಿದ ಸಾವಿರಾರು ಹಸ್ತಪ್ರತಿಗಳಿಗಾಗಿ ನಗರ ಇಂದು ಲೋಕಪ್ರಸಿದ್ಧ. ಅದರ ನಿಜವಾದ ಚಿನ್ನ ಪುಸ್ತಕಗಳಲ್ಲಿತ್ತು!