‘ಪ್ರೊಮಿಥಿಯಸ್’ನ ದಡ್ಡ ವಿಜ್ಞಾನಿಗಳಿಗೆ ನಾನು ಸಾರಿ ಕೇಳಬೇಕು

2012ರ ಜೂನ್. ಹೆಬ್ಬಗೋಡಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಔಷಧ ಕಾರ್ಖಾನೆಯೊಂದರಲ್ಲಿ ಟ್ರೈನಿ ಕೆಲಸ, ಪಿಜಿಯಲ್ಲಿ ವಾಸ. ಭಾನುವಾರದ ಮಜಾ ಅಂದ್ರೆ ಹೊಸೂರು ರಸ್ತೆಯಲ್ಲಿ ಬಸ್ ಹಿಡಿದು, ಸಿಲ್ಕ್ ಬೋರ್ಡಿನಲ್ಲಿ ಅರ್ಧ ಆಯಸ್ಸು ಕಳೆದು, ಕೋರಮಂಗಲದ ಮಾಲ್ ಸೇರೋದು. ಹಾಗೆ ಹೋಗಿ ನಾವು ನಾಲ್ವರು ಹುಡುಗಿಯರು ತ್ರೀಡಿ ಕನ್ನಡಕ ಹಾಕ್ಕೊಂಡು ನೋಡಿದ ಸಿನಿಮಾ ‘ಪ್ರೊಮಿಥಿಯಸ್’. ನಾಲ್ವರೂ ಲ್ಯಾಬಿನವರೇ. ಹೆದರಬೇಕಾದ ಕಡೆಯೆಲ್ಲ ನಕ್ಕು ನಕ್ಕು ಪಕ್ಕದ ಸೀಟಿನವರಿಂದ ಬೈಸಿಕೊಂಡಿದ್ದು ಚೆನ್ನಾಗಿ ನೆನಪಿದೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. (ಹದಿಮೂರು ವರ್ಷ ಹಳೇ ಸಿನಿಮಾ, ಮುಂದೆ ಎಲ್ಲಾ ಗುಟ್ಟೂ ಬಿಟ್ಟುಕೊಡ್ತೀನಿ, ಬೈಬೇಡಿ.) 1979ರಲ್ಲಿ ರಿಡ್ಲಿ ಸ್ಕಾಟ್ ‘ಏಲಿಯನ್’ ಮಾಡಿದರು. ಅದರಲ್ಲಿ ಪಾಳುಬಿದ್ದ ಅನ್ಯಲೋಕದ ನೌಕೆಯೊಳಗೆ ದೈತ್ಯ ಪೈಲಟ್ ಒಬ್ಬ ಕುರ್ಚಿಯಲ್ಲೇ ಕಲ್ಲಾಗಿ ಕೂತಿರ್ತಾನೆ. ಅವನ ಎದೆ ಒಳಗಿನಿಂದ ಒಡೆದಿರುತ್ತೆ. ಅವನ್ಯಾರು ಅಂತ ಮುಂದಿನ ಭಾಗಗಳು ತಲೆ ಕೆಡಿಸಿಕೊಳ್ಳಲಿಲ್ಲ. 33 ವರ್ಷ ಆದಮೇಲೆ ಸ್ಕಾಟ್ ತಾವೇ ಆ ಪ್ರಶ್ನೆ ಎತ್ತಿಕೊಂಡು ಹಿಂದಿನ ಕಥೆ ಮಾಡಿದರು. ‘ಕಾಂತಾರ ಚಾಪ್ಟರ್ 1’ ಬಂದಮೇಲೆ ಪ್ರೀಕ್ವೆಲ್ ಅಂದ್ರೆ ಏನು ಅಂತ ನಮ್ಮಮ್ಮನಿಗೂ ಗೊತ್ತು, ಹಾಗಾಗಿ ವಿವರಿಸಲ್ಲ.

2093ರಲ್ಲಿ ‘ಪ್ರೊಮಿಥಿಯಸ್’ ಅನ್ನೋ ನೌಕೆ ಎಲ್‌ವಿ-223 ಎಂಬ ಜಾಗಕ್ಕೆ ಇಳಿಯುತ್ತೆ. ಮನುಷ್ಯರನ್ನ ಸೃಷ್ಟಿಸಿದವರು ಅಲ್ಲಿದ್ದಾರೆ ಅನ್ನೋದು ಎಲಿಜಬೆತ್ ಶಾ (ನೂಮಿ ರಪಾಸ್) ಮತ್ತು ಅವಳ ಗೆಳೆಯ ಹಾಲೊವೆಯ ನಂಬಿಕೆ. ದುಡ್ಡು ಹಾಕಿರೋದು ಪೀಟರ್ ವೇಲ್ಯಾಂಡ್ ಎಂಬ ಮುದಿ ಕುಬೇರ. ಜೊತೆಗೆ ಡೇವಿಡ್ (ಮೈಕೆಲ್ ಫಾಸ್‌ಬೆಂಡರ್) ಅನ್ನೋ ಮನುಷ್ಯರೂಪಿ ಯಂತ್ರ. ಅಲ್ಲಿ ಸಿಗೋದು ದೇವರಲ್ಲ. ಜಾಡಿಗಳಲ್ಲಿ ತುಂಬಿಟ್ಟ ಕಪ್ಪು ದ್ರವ, ಮತ್ತು ತಾವೇ ತಯಾರಿಸಿದ ಆ ದ್ರವಕ್ಕೆ ಬಲಿಯಾದ ದೈತ್ಯರ ಹೆಣಗಳು. ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ.

ಸಿನಿಮಾ ದುಡ್ಡು ಮಾಡಿತು, ಪ್ರಪಂಚದಾದ್ಯಂತ 40 ಕೋಟಿ ಡಾಲರ್ ದಾಟಿತು. ಆದರೆ ಅಭಿಮಾನಿಗಳು ಎರಡು ಪಾಲಾದರು. ಚಿತ್ರಿಸಿದ ರೀತಿಗೆ ಎಲ್ಲರೂ ತಲೆಬಾಗಿದರೂ ಬರವಣಿಗೆಗೆ ಬಿದ್ದ ಬೈಗುಳ ಇವತ್ತಿಗೂ ನಿಂತಿಲ್ಲ. ದೊಡ್ಡ ದೂರು ಒಂದೇ: ಇಷ್ಟು ದಡ್ಡ ವಿಜ್ಞಾನಿಗಳು ಎಲ್ಲಾದರೂ ಇರ್ತಾರಾ? ಗೊತ್ತಿಲ್ಲದ ಲೋಕದಲ್ಲಿ ಗಾಳಿ ಚೆನ್ನಾಗಿದೆ ಅಂತ ಹೆಲ್ಮೆಟ್ ತೆಗೀತಾರೆ. ಗವಿಯ ನಕ್ಷೆ ಮಾಡೋ ಯಂತ್ರಗಳನ್ನ ಹಾರಿಬಿಟ್ಟ ಫೈಫೀಲ್ಡನೇ ದಾರಿ ತಪ್ಪಿಸಿಕೊಳ್ತಾನೆ. ಜೀವಶಾಸ್ತ್ರಜ್ಞ ಮಿಲ್‌ಬರ್ನ್ ಹಾವಿನಂಥ ಪ್ರಾಣಿ ಹೆಡೆ ಬಿಚ್ಚಿದರೆ ಬೆಕ್ಕಿನ ಮರಿ ಥರ ಮುದ್ದು ಮಾಡೋಕೆ ಹೋಗ್ತಾನೆ.

ನಾವು ನಕ್ಕಿದ್ದು ಇದಕ್ಕೇ. ಕೈಗವಸಿನ ಮೇಲೆ ಕೈಗವಸು ಹಾಕೋದನ್ನ ಆಗಷ್ಟೇ ಕಲಿತಿದ್ದ ನಮಗೆ ಜಗತ್ತಿನ ಎಲ್ಲಾ ಎಸ್‌ಒಪಿಗಳೂ ಬಾಯಿಪಾಠ.

ಕಳೆದ ತಿಂಗಳು ಆ ಸಿನಿಮಾ ಮತ್ತೆ ನೋಡಿದೆ. 2024ರ ‘ಏಲಿಯನ್: ರೊಮುಲಸ್’ನಲ್ಲಿ ಅದೇ ಕಪ್ಪು ದ್ರವ ಮತ್ತೆ ತಲೆಹಾಕಿದ್ದರಿಂದ ಹಳೇದನ್ನ ಒಮ್ಮೆ ನೋಡೋಣ ಅನ್ನಿಸಿತ್ತು. ಜೊತೆಗೆ ನೋಡಿದವಳು ನನ್ನ ಮನೆ ಹಂಚಿಕೊಂಡಿರೋ ಹಾವೇರಿ ಕಡೆಯ ಹುಡುಗಿ. ಅವಳದ್ದೂ ನಮ್ಮದೇ ಕಾರ್ಖಾನೆ, ಕಾಂಟ್ರಾಕ್ಟ್ ಮೇಲೆ. ಇಂಜೆಕ್ಷನ್ ವಯಲ್‌ಗಳನ್ನ ಬೆಳಕಿಗೆ ಹಿಡಿದು, ಒಮ್ಮೆ ಕಪ್ಪು ಹಿನ್ನೆಲೆಯಲ್ಲಿ, ಒಮ್ಮೆ ಬಿಳಿ ಹಿನ್ನೆಲೆಯಲ್ಲಿ ನೋಡಿ, ಒಳಗೆ ಗಾಜಿನ ಚೂರು, ನೂಲಿನ ಎಳೆ ಇದೆಯಾ ಅಂತ ಹುಡುಕೋ ಕೆಲಸ. ಕಣ್ಣು ಸೋಲುತ್ತೆ ಅಂತ ನಡುನಡುವೆ ವಿರಾಮ ಕೊಡಲೇಬೇಕು.

ನನ್ನದು ಈಗ ಗುಣಮಟ್ಟ ವಿಭಾಗ. ಕಾರ್ಖಾನೆಯಲ್ಲಿ ಏನಾದರೂ ಎಡವಟ್ಟಾದರೆ ‘ಡೀವಿಯೇಷನ್’ ಫಾರಂ ತುಂಬಬೇಕು. ಯಾಕಾಯ್ತು ಅಂತ ಮೂಲ ಕಾರಣ ಬರೀಬೇಕು. ಅಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬರೆಯಬಹುದಾದ ಎರಡು ಪದ: ‘ಹ್ಯೂಮನ್ ಎರರ್’. ಬರೆದು, ಆ ವ್ಯಕ್ತಿಗೆ ಮತ್ತೊಮ್ಮೆ ಟ್ರೈನಿಂಗ್ ಕೊಟ್ಟೆವು ಅಂತ ಸೇರಿಸಿ, ಸಹಿ ಹಾಕಿದರೆ ಫೈಲ್ ಮುಗೀತು. ಹತ್ತಾರು ಸಲ ಹಾಗೆ ಮುಗಿಸಿದ್ದೀನಿ. ಒಮ್ಮೆ ಅಂಥ ಫೈಲಿನಲ್ಲಿ ಹೆಸರಿದ್ದ ಹುಡುಗನ ಕಾಂಟ್ರಾಕ್ಟ್ ಮುಂದಿನ ತಿಂಗಳು ಮುಂದುವರಿಯಲಿಲ್ಲ. ಅವನು ಆ ವಾರ ಸತತ ಮೂರನೇ ನೈಟ್ ಶಿಫ್ಟ್‌ನಲ್ಲಿದ್ದ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ನಾನು ಕೇಳಿರಲಿಲ್ಲ ಅಂದರೆ ಸರಿ.

ಈ ಸಲ ಹೆಲ್ಮೆಟ್ ತೆಗೆಯೋ ದೃಶ್ಯ ಬಂದಾಗ ನಗು ಬರಲಿಲ್ಲ. ಮೊದಲು ತೆಗೆಯೋದು ಹಾಲೊವೆ. ಅವನು ಯಾರೋ ಪುಡಿ ಕೆಲಸಗಾರನಲ್ಲ, ಈ ಯಾತ್ರೆಯೇ ಅವನ ಕನಸು. ಶಾ ಬೇಡ ಅಂತ ಬೈತಾಳೆ. ಅವನಿಗೇನೂ ಆಗಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೀತಾರೆ. ಮೇ ತಿಂಗಳಲ್ಲಿ ಮಾಸ್ಕ್ ಒಳಗೆ ಬೆವರು ಇಳೀತಿರುವಾಗ ಸೀನಿಯರ್ ಒಬ್ಬ ಅದನ್ನ ಗಲ್ಲಕ್ಕೆ ಇಳಿಸಿದರೆ ಉಳಿದವರು ಏನು ಮಾಡ್ತಾರೆ ಅಂತ ನಮ್ಮ ಬೆಲ್ಟಿನ ಯಾವ ಕಾರ್ಖಾನೆಯವರನ್ನಾದರೂ ಕೇಳಿ.

ಫೈಫೀಲ್ಡ್ ದಾರಿ ತಪ್ಪಿದ್ದಕ್ಕಂತೂ ನಾನು ಎಷ್ಟು ಅಣಕಿಸಿದ್ದೆನೋ! ಈಗ ಗಮನಿಸಿದರೆ, ನಕ್ಷೆ ದೊಡ್ಡದಾಗಿ, ಚಂದವಾಗಿ ಬೆಳಗೋದು ನೌಕೆಯ ಕಂಟ್ರೋಲ್ ರೂಮಿನಲ್ಲಿ. ಕತ್ತಲಲ್ಲಿ ನಡೀತಿರೋನಿಗೆ ಅದು ಕಾಣಬೇಕಲ್ಲ. ನಮ್ಮಲ್ಲೂ ಡ್ಯಾಶ್‌ಬೋರ್ಡ್ ಇರೋದು ಮೇಲಿನ ಮಹಡಿಯಲ್ಲಿ, ಯಂತ್ರ ಕೆಟ್ಟು ನಿಂತಾಗ ಬೆವರೋನು ಕೆಳಗಿರ್ತಾನೆ. ಇನ್ನೊಂದು ವಿಷಯ. ಇಬ್ಬರು ಗವಿಯಲ್ಲಿ ಸಾಯ್ತಿರುವಾಗ ಆ ನಕ್ಷೆಯ ಮುಂದೆ ಯಾರಿದ್ದಾರೆ? ಯಾರೂ ಇಲ್ಲ. ಕ್ಯಾಪ್ಟನ್ ಜ್ಯಾನೆಕ್ (ಇಡ್ರಿಸ್ ಎಲ್ಬಾ) ವಿಕರ್ಸ್ ಕೋಣೆಗೆ ಹೋಗಿರ್ತಾನೆ. ಮೊದಲ ಸಲ ಇದು ಸುಮ್ಮನೆ ತಮಾಷೆಯ ದೃಶ್ಯ ಅನ್ನಿಸಿತ್ತು. ಈಗ ನೋಡಿದರೆ ಮೂಲ ಕಾರಣವೇ ಅಲ್ಲಿದೆ, ಶಿಫ್ಟ್ ಇನ್‌ಚಾರ್ಜ್ ಸೀಟಿನಲ್ಲಿರಲಿಲ್ಲ.

ವಿಕರ್ಸ್ (ಚಾರ್ಲಿಜ್ ಥೆರಾನ್) ಬಗ್ಗೆಯೂ ತಪ್ಪು ತಿಳ್ಕೊಂಡಿದ್ದೆ. ಸೋಂಕು ಹತ್ತಿದ ಹಾಲೊವೆಯನ್ನ ಒಳಗೆ ಬಿಡದೆ, ಅವನೇ ಸುಡು ಅಂದಾಗ ಸುಟ್ಟುಬಿಡ್ತಾಳೆ. ಆವಾಗ ನಮಗೆ ಅವಳು ರಾಕ್ಷಸಿ. ಆದರೆ ‘ಏಲಿಯನ್’ನಲ್ಲಿ ರಿಪ್ಲಿ ಹೇಳೋದೂ ಅದೇ ತಾನೆ? ಕ್ವಾರಂಟೈನ್ ನಿಯಮ ಮುರಿದು ಒಳಗೆ ಬಿಡಲ್ಲ ಅಂತ ಅವಳು ಹಟ ಹಿಡೀತಾಳೆ, ಬಾಗಿಲು ತೆಗೆಯೋನು ಯಂತ್ರಮಾನವ ಆ್ಯಶ್. ಅಲ್ಲಿ ರಿಪ್ಲಿಗೆ ಜೈ ಅಂದ ನಾವೇ ಇಲ್ಲಿ ವಿಕರ್ಸ್‌ಗೆ ಛೀ ಅಂದಿದ್ವಿ. ಆ ಇಡೀ ನೌಕೆಯಲ್ಲಿ ಎಸ್‌ಒಪಿ ಪಾಲಿಸಿದವಳು ಅವಳೊಬ್ಬಳೇ.

ಅವಳ ಕೋಣೆಯಲ್ಲಿ ತಾನೇ ಆಪರೇಷನ್ ಮಾಡೋ ಒಂದು ಯಂತ್ರವಿದೆ. ಹೊಟ್ಟೆಯಲ್ಲಿ ಬೆಳೀತಿರೋ ಜೀವಿಯನ್ನ ತೆಗೆಸಿಕೊಳ್ಳೋಕೆ ಶಾ ಅಲ್ಲಿಗೆ ಓಡಿ ಬಂದು ಸಿಸೇರಿಯನ್ ಕೇಳಿದರೆ, ಇದು ಗಂಡಸರಿಗೆ ಮಾತ್ರ ಹೊಂದಿಸಿದ ಯಂತ್ರ ಅನ್ನುತ್ತೆ. 2012ರಲ್ಲಿ ಇದನ್ನ ಕಥೆಯ ಓಟೆ ಅಂದುಕೊಂಡಿದ್ದೆ. ಹೆಂಗಸಿನ ಕೋಣೆಯಲ್ಲಿ ಗಂಡಸಿನ ಯಂತ್ರ ಯಾಕೆ? ಉತ್ತರ ಸಿನಿಮಾದಲ್ಲೇ ಇದೆ. ಅದು ಅವಳಿಗಾಗಿ ತಂದದ್ದೇ ಅಲ್ಲ. ಸತ್ತೇಹೋಗಿದ್ದಾನೆ ಅಂತ ಎಲ್ಲರೂ ನಂಬಿದ ವೇಲ್ಯಾಂಡ್ ಅದೇ ನೌಕೆಯಲ್ಲಿ ಮಲಗಿದ್ದಾನೆ, ಸಾವು ತಪ್ಪಿಸಿಕೊಳ್ಳೋ ಆಸೆಯಲ್ಲಿ. ಗಂಡಸರ ಅಳತೆಯ ಕ್ಲೀನ್‌ರೂಮ್ ಸೂಟಿನ ತೋಳು ಮಡಿಚಿಕೊಂಡೇ ಇಷ್ಟು ವರ್ಷ ಕಳೆದ ನನಗೆ ಆ ಯಂತ್ರದ ಉತ್ತರ ಕೇಳಿ ಸ್ವಲ್ಪ ಸಿಟ್ಟೂ ಬಂತು.

ವೇಲ್ಯಾಂಡ್ ಶುರುವಿನಲ್ಲೇ ಹೊಲೊಗ್ರಾಂನಲ್ಲಿ ಬಂದು, ಡೇವಿಡ್ ನನಗೆ ಮಗನಿದ್ದ ಹಾಗೆ ಅಂತಾನೆ. ವಿಕರ್ಸ್ ಅಲ್ಲೇ ಇರ್ತಾಳೆ. ಅವಳು ಅವನ ಸ್ವಂತ ಮಗಳು ಅಂತ ನಮಗೆ ಗೊತ್ತಾಗೋದು ಕೊನೆಗೆ. ಎರಡನೇ ಸಲ ನೋಡೋರಿಗೆ ಮಾತ್ರ ಆ ಮಾತು ಚುಚ್ಚುತ್ತೆ.

ಇನ್ನು ಡೇವಿಡ್. ರೋಬೋ ಅಂದ್ರೆ 2002ರ ‘ಹಾಲಿವುಡ್’ನ ಉಪೇಂದ್ರರನ್ನ ನೆನೆಯೋ ನನ್ನಂಥೋರಿಗೆ ಫಾಸ್‌ಬೆಂಡರ್ ಬೇರೆಯದೇ ಅನುಭವ. ಎಲ್ಲರೂ ನಿದ್ದೆಯಲ್ಲಿರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಅವನೊಬ್ಬನೇ ಎಚ್ಚರ. ‘ಲಾರೆನ್ಸ್ ಆಫ್ ಅರೇಬಿಯಾ’ ನೋಡಿ ನಾಯಕನ ಹಾಗೆ ಕೂದಲಿಗೆ ಬಣ್ಣ ಹಾಕ್ಕೊಳ್ತಾನೆ. ಸೃಷ್ಟಿಕರ್ತರ ಜೊತೆ ಮಾತಾಡೋಕೆ ಅಂತ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳೆಲ್ಲ ಹುಟ್ಟಿದ ಮೂಲ ಭಾಷೆಯನ್ನೇ ಕಲೀತಾನೆ. (ಕನ್ನಡ ಆ ಕುಟುಂಬದ್ದಲ್ಲ. ನಾವು ಹೋಗಿದ್ದರೆ ದುಭಾಷಿ ಬೇಕಾಗ್ತಿತ್ತು.) ಕೊನೆಗೆ ಆ ದೈತ್ಯನಿಗೆ ಅವನು ಏನು ಹೇಳಿದ ಅನ್ನೋದಕ್ಕೆ ಸಿನಿಮಾ ಸಬ್‌ಟೈಟಲ್ಲೂ ಕೊಡಲ್ಲ. ದೈತ್ಯ ಅವನ ತಲೆ ಸವರಿ, ಆಮೇಲೆ ಕಿತ್ತೇ ಹಾಕ್ತಾನೆ.

ಅದಕ್ಕೂ ಮೊದಲು ಬಿಲಿಯರ್ಡ್ಸ್ ಮೇಜಿನ ಹತ್ತಿರ ಒಂದು ಮಾತುಕತೆ. ನಿಮ್ಮವರು ನನ್ನನ್ನ ಯಾಕೆ ಮಾಡಿದರು ಅಂತ ಡೇವಿಡ್ ಕೇಳಿದರೆ, ಕುಡಿದಿರೋ ಹಾಲೊವೆ, ಮಾಡೋಕೆ ಆಗ್ತಿತ್ತು, ಮಾಡಿದ್ವಿ ಅಂತಾನೆ. ನಿಮ್ಮ ಸೃಷ್ಟಿಕರ್ತನ ಬಾಯಿಂದ ಇದೇ ಉತ್ತರ ಬಂದರೆ ನಿಮಗೆ ಹೇಗನ್ನಿಸಬಹುದು ಅಂತ ಡೇವಿಡ್ ತಣ್ಣಗೆ ಕೇಳಿ, ಅವನ ಗ್ಲಾಸಿಗೆ ಕಪ್ಪು ಹನಿ ಬೆರೆಸ್ತಾನೆ.

ಆಗ ಪಕ್ಕದಲ್ಲಿ ಮಂಡಕ್ಕಿ ತಿಂತಾ ಕೂತಿದ್ದವಳು ಕೇಳಿದಳು, “ಅಕ್ಕಾ, ಅಂವಗ ಪಗಾರ ಐತೇನ?”

“ಇಲ್ಲ ಕಣೇ, ರೋಬೋ ಅಲ್ವಾ.”

“ಮತ್ತ ನಮ್ಮನ್ಯಾಕ ಇಟ್ಕೋತಾರ?”

ನಾನು ಪಾಸ್ ಮಾಡಿದೆ. ಅವಳಿಗೆ ಗೊತ್ತಿರೋದೂ ನನಗೆ ಗೊತ್ತಿರೋದೂ ಒಂದೇ. ನಮ್ಮಲ್ಲಿ ವಯಲ್ ನೋಡೋಕೆ ಕ್ಯಾಮೆರಾ ಯಂತ್ರ ಬಂದಿದೆ. ಅದನ್ನ ಒಪ್ಪಿಕೊಳ್ಳೋ ಮೊದಲು ಮನುಷ್ಯರಷ್ಟಾದರೂ ಚೆನ್ನಾಗಿ ನೋಡುತ್ತೆ ಅಂತ ರುಜುವಾತು ಮಾಡಬೇಕು. ಅದಕ್ಕೆ ಒಂದೇ ಗುಂಪಿನ ವಯಲ್‌ಗಳನ್ನ ಹಲವು ಜನ, ಹಲವು ಸಲ ನೋಡಿ ಅಂಕ ಕೊಡಬೇಕು. ಆ ಅಂಕಗಳೇ ಯಂತ್ರಕ್ಕೆ ಅಳತೆಗೋಲು. ಮೂರು ವಾರದಿಂದ ಅಂಕ ಕೊಡ್ತಿರೋ ಗುಂಪಿನಲ್ಲಿ ಇವಳೂ ಇದ್ದಾಳೆ. ವರದಿಗೆ ಸಹಿ ಹಾಕೋಳು ನಾನು. ಯಂತ್ರ ಯಾಕೆ ತಂದ್ರಿ ಅಂತ ಅವಳು ನನ್ನನ್ನ ಕೇಳಿದರೆ ನನ್ನ ಹತ್ತಿರ ಹಾಲೊವೆಗಿಂತ ಒಳ್ಳೇ ಉತ್ತರ ಇದೆಯಾ? ಯಂತ್ರಕ್ಕೆ ಕಣ್ಣು ಸೋಲಲ್ಲ, ಅದು ನಿಜ. ರೋಗಿಯ ನರಕ್ಕೆ ಗಾಜಿನ ಚೂರು ಹೋಗಬಾರದು, ಅದೂ ನಿಜ. ಆದರೆ ಅವಳು ಕೇಳ್ತಿರೋ ಪ್ರಶ್ನೆಗೆ ಅದು ಉತ್ತರ ಅಲ್ಲ ಅಂತ ನನಗೂ ಗೊತ್ತು.

ಸಿನಿಮಾದ ಎಲ್ಲಾ ತಪ್ಪನ್ನೂ ನಾನು ಮನ್ನಿಸಿಲ್ಲ. ಗೈ ಪಿಯರ್ಸ್‌ಗೆ ಮೆತ್ತಿದ ಮುದುಕನ ಮೇಕಪ್ ಆವಾಗಲೂ ಕೆಟ್ಟದಾಗಿತ್ತು, ಈಗಲೂ ಕೆಟ್ಟದಾಗಿದೆ. ಸತ್ತ ಫೈಫೀಲ್ಡ್ ಎದ್ದು ಬಂದು ಹೊಡೆದಾಡೋದು ಬೇರೆ ಯಾವುದೋ ಸಿನಿಮಾದಿಂದ ತಪ್ಪಿ ಬಂದ ಹಾಗಿದೆ. ಉರುಳಿ ಬರ್ತಿರೋ ನೌಕೆಯಿಂದ ತಪ್ಪಿಸಿಕೊಳ್ಳೋಕೆ ವಿಕರ್ಸ್ ಪಕ್ಕಕ್ಕೆ ಸರಿಯದೆ ನೇರ ಓಡೋದನ್ನ ಯಾವ ಡೀವಿಯೇಷನ್ ಫಾರಮ್ಮಿನಲ್ಲೂ ಸಮರ್ಥಿಸೋಕೆ ಆಗಲ್ಲ. ಹೊಟ್ಟೆಗೆ ಪಿನ್ನು ಹೊಡೆಸಿಕೊಂಡ ಶಾ ಮರುಕ್ಷಣವೇ ಓಡಾಡೋದನ್ನ ಕಂಡು ಇವಳು, “ನಮ್ಮ ಅಕ್ಕಾಗ ಸಿಸೇರಿಯನ್ ಆದಾಗ ಹದಿನೈದು ದಿನ ಎದ್ದಿರಲಿಲ್ಲ” ಅಂತ ಮಂಡಕ್ಕಿ ತಟ್ಟೆ ಕೆಳಗಿಟ್ಟಳು.

ಆದರೂ ಆ ಮೊದಲ ಐದು ನಿಮಿಷ! ಐಸ್‌ಲ್ಯಾಂಡಿನ ಡೆಟ್ಟಿಫಾಸ್ ಜಲಪಾತದ ತುದಿಯಲ್ಲಿ ಬಿಳಿಚಿದ ದೈತ್ಯನೊಬ್ಬ ಆ ದ್ರವ ಕುಡಿದು, ಚೂರುಚೂರಾಗಿ ನೀರಿಗೆ ಬಿದ್ದು ಹೊಸ ಜೀವಕ್ಕೆ ಬೀಜವಾಗೋದು. ಫೋನಿನಲ್ಲಿ ನೋಡಬೇಡಿ ದಯವಿಟ್ಟು, ಲ್ಯಾಪ್‌ಟಾಪ್ ಆದರೂ ಇರಲಿ, ದೀಪ ಆರಿಸಿ.

ಸೋಮವಾರ ಮೇಜಿನ ಮೇಲೆ ಹೊಸ ಡೀವಿಯೇಷನ್ ಕಾದಿತ್ತು. ಲೇಬಲ್ ಅದಲುಬದಲಾಗಿತ್ತು, ನೈಟ್ ಶಿಫ್ಟ್. ಕಾರಣದ ಜಾಗದಲ್ಲಿ ಆಗಲೇ ಯಾರೋ ಪೆನ್ಸಿಲ್ಲಿನಲ್ಲಿ ‘ಹ್ಯೂಮನ್ ಎರರ್’ ಅಂತ ಗುರುತು ಹಾಕಿಟ್ಟಿದ್ದರು, ನನಗೆ ಅನುಕೂಲ ಆಗಲಿ ಅಂತ. ರಬ್ಬರ್ ಹುಡುಕಿ ಅಳಿಸಿದೆ. ಆಮೇಲೆ ಆ ವಾರದ ಶಿಫ್ಟ್ ಪಟ್ಟಿ ತರಿಸಿಕೊಂಡೆ. ಫೈಲ್ ಇನ್ನೂ ಮುಗಿದಿಲ್ಲ, ದಿನಾ ಬಾಸ್ ಕೇಳ್ತಿದ್ದಾರೆ.

ಈ ಭಾನುವಾರ ‘ಏಲಿಯನ್: ಕವನೆಂಟ್’. ಡೇವಿಡ್ ಮುಂದೇನು ಮಾಡ್ತಾನೆ ಅಂತ ಇವಳಿಗೆ ನೋಡಲೇಬೇಕಂತೆ. ಮಂಡಕ್ಕಿ ಅವಳದ್ದು, ಮಿರ್ಚಿ ನನ್ನದು.